ಮಕ್ಕಳ ಮೊದಲ ಗುಡ್ಡ ಶಿಬಿರ: ಚೀಲದ ಭಾರ ಇಳಿಸುವುದು ಹೇಗೆ? (8–10ನೇ ತರಗತಿ, ಒಂದು ರಾತ್ರಿ)

ಗೈಡ್ಸ್_ಟೀಚರ್_ಪೆರ್ಲ

ಎಲ್ಲರಿಗೂ ನಮಸ್ಕಾರ. ನಮ್ಮ ಶಾಲೆಯ ಸ್ಕೌಟ್ಸ್–ಗೈಡ್ಸ್ ಮಕ್ಕಳನ್ನು ನವೆಂಬರ್ ಕೊನೆಗೆ ಗುಡ್ಡಕ್ಕೆ ಕರೆದುಕೊಂಡು ಹೋಗುವ ಏರ್ಪಾಟು ಉಂಟು. ಒಟ್ಟು 12 ಮಕ್ಕಳು, ಏಳು ಹುಡುಗಿಯರು, ಐದು ಹುಡುಗರು. ದೊಡ್ಡವರು ಮೂವರು. ಮೊದಲು ನಮ್ಮ ಕಾಸರಗೋಡು ಜಿಲ್ಲೆಯ ರಾಣಿಪುರಂ ಗುಡ್ಡಕ್ಕೆ ಒಂದು ದಿನದ ಅಭ್ಯಾಸ, ಹದಿನೈದು ದಿನ ಬಿಟ್ಟು ಕೊಡಗಿನ ಬದಿಯಲ್ಲಿ ಅರಣ್ಯ ಇಲಾಖೆ ಒಪ್ಪಿದ ಜಾಗದಲ್ಲಿ ಒಂದು ರಾತ್ರಿ. ದಿನಕ್ಕೆ 8–9 ಕಿಲೋಮೀಟರ್ ನಡಿಗೆ. ಅನುಮತಿಯ ಕೆಲಸ ಬೇರೆಯೇ ನಡೀತಾ ಉಂಟು, ಅದರ ಬಗ್ಗೆ ಇಲ್ಲಿ ಕೇಳುವುದಿಲ್ಲ.

ತಲೆಬಿಸಿ ಇರುವುದು ಚೀಲದ್ದು. ಮಕ್ಕಳ ತೂಕ 38ರಿಂದ 55 ಕೆಜಿ. ಮನೆಯವರು ಹೇಳಿದ ಸಾಮಾನನ್ನೆಲ್ಲ ತುಂಬಿಸಿ ತೂಗಿದರೆ ಒಂದೊಂದು ಚೀಲ 11–12 ಕೆಜಿ ಬರ್ತದೆ. ಆನ್‌ಲೈನಿನಲ್ಲಿ "ಅಲ್ಟ್ರಾಲೈಟ್" (ತೀರಾ ಹಗುರದ ಸಾಮಾನು) ಅಂತ ಹುಡುಕಿದರೆ ಚೀಲ ಒಂದಕ್ಕೇ ನಮ್ಮ ಇಡೀ ಬಜೆಟ್ ಬೇಕು. ತಲೆಗೆ 2000 ರೂಪಾಯಿಗಿಂತ ಹೆಚ್ಚು ಕೇಳುವ ಹಾಗಿಲ್ಲ.

ಮಕ್ಕಳು ಎಷ್ಟು ಭಾರ ಹೊರಬಹುದು? ಟೆಂಟ್ ಬೇಕಾ, ಟರ್ಪಾಲು ಸಾಕಾ? ಶಾಲೆಯ ಬ್ಯಾಗನ್ನೇ ಸುಧಾರಿಸಿಕೊಳ್ಳಬಹುದಾ? ಯಾವ ಶೂ? ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದಕ್ಕೆ ಹಾಕಬಾರದು ಎಂದು ಗೊತ್ತಿರುವವರು ಹೇಳಿ.

---

ಕಾಡುದಾರಿ

ಟೀಚರ್, ಮೊದಲು ಕೊಳ್ಳುವ ಪಟ್ಟಿಯನ್ನು ಬದಿಗಿಟ್ಟು ತಕ್ಕಡಿ ತನ್ನಿ. ಚೀಲ ತೂಗಲಿಕ್ಕೆ ಕೊಕ್ಕೆ ಇರುವ ಡಿಜಿಟಲ್ ತಕ್ಕಡಿ, ಸಣ್ಣ ಸಾಮಾನಿಗೆ ಅಡಿಗೆಮನೆಯ ತಕ್ಕಡಿ. ಪ್ರತಿಯೊಂದು ಸಾಮಾನನ್ನೂ ಗ್ರಾಂ ಲೆಕ್ಕದಲ್ಲಿ ಬರೆದುಕೊಳ್ಳದೆ ಭಾರ ಇಳಿಯುವುದಿಲ್ಲ. "ಇದು ಹಗುರವೇ" ಅಂತ ಕೈಯಲ್ಲಿ ಎತ್ತಿ ನೋಡಿ ಹೇಳಿದ ಮೂವತ್ತು ಸಾಮಾನು ಸೇರಿಯೇ 12 ಕೆಜಿ ಆಗುವುದು.

ದೊಡ್ಡವರಿಗೆ ಮೈತೂಕದ 20% ತನಕ ಹೇಳುವುದುಂಟು. ಮೊದಲ ಸಲ ಹೊರುವ ಮಕ್ಕಳಿಗೆ ನೀರು, ಊಟ ಎಲ್ಲ ಸೇರಿ 15% ಇಟ್ಟುಕೊಳ್ಳಿ. 38 ಕೆಜಿಯ ಮಗುವಿಗೆ 5.7 ಕೆಜಿ, 42 ಕೆಜಿಗೆ 6.3, 55 ಕೆಜಿಗೆ 8.25. ಈಗ ಇರುವ ಭಾರದ ಅರ್ಧ. ಆದರೆ ಸಾಧ್ಯ ಉಂಟು. ಒಬ್ಬರ ಲೆಕ್ಕ ಹೀಗೆ:

ಖಾಲಿ ಚೀಲ 1100 ಗ್ರಾಂ. ಒಳಗಿನ ದಪ್ಪ ಪ್ಲಾಸ್ಟಿಕ್ ಚೀಲ 60. ಫ್ಲೀಸ್ ಹೊದಿಕೆ ಮತ್ತು ತೆಳು ಬಟ್ಟೆ 700. ಕತ್ತರಿಸಿದ ಫೋಮ್ ಚಾಪೆ 250. ಒಂದು ಜೋಡಿ ಬದಲಿ ಬಟ್ಟೆ ಮತ್ತು ಕಾಲುಚೀಲ 530. ಸ್ವೆಟರ್ 300. ಮಳೆಯ ಪೊಂಚೊ 250. ಹೆಡ್‌ಟಾರ್ಚ್ 80. ತಟ್ಟೆ, ಲೋಟ, ಚಮಚ 150. ಬ್ರಶ್, ಬೈರಾಸು, ಇತ್ಯಾದಿ 150. ಸೀಟಿ, ಸ್ವಂತ ಮದ್ದು 50. ಒಟ್ಟು 3620.

ನಾಲ್ವರ ಒಂದು ಗುಂಪಿಗೆ ಹಂಚುವ ಸಾಮಾನು: ಟರ್ಪಾಲು 1080, ನೆಲಹಾಸು 400, ಹಗ್ಗ–ಗೂಟ 250, ಸ್ಟವ್ 100, ತುಂಬಿದ ಗ್ಯಾಸ್ ಡಬ್ಬಿ 380, ಪಾತ್ರೆ 500, ಪವರ್ ಬ್ಯಾಂಕ್ ಮತ್ತು ಪ್ರಥಮ ಚಿಕಿತ್ಸೆ 450. ಒಟ್ಟು 3160, ತಲೆಗೆ 790.

ಇದಕ್ಕೆ ಎರಡು ದಿನದ ಒಣ ಆಹಾರ 1100 ಮತ್ತು ಒಂದೂವರೆ ಲೀಟರ್ ನೀರು 1500 ಸೇರಿಸಿದರೆ 7010 ಗ್ರಾಂ.

ಈಗ ಗಮನಿಸಿ: 42 ಕೆಜಿಯ ಮಗುವಿಗೆ ಇದೂ ಸುಮಾರು 700 ಗ್ರಾಂ ಹೆಚ್ಚು. 38 ಕೆಜಿಯವಳಿಗಂತೂ 18% ದಾಟಿತು. ಎಲ್ಲರೂ ಎಡವುವುದು ಇಲ್ಲಿಯೇ, ಸಾಮಾನನ್ನು ನಾಲ್ಕು ಸಮಪಾಲು ಮಾಡಿ "ನ್ಯಾಯ" ಅಂತಾರೆ. ಪಾಲು ಮೈತೂಕ ನೋಡಿ ಆಗಬೇಕು. 38 ಕೆಜಿಯವಳಿಗೆ ಹಂಚುವ ಸಾಮಾನು ಬೇಡ, ಊಟವೂ ಒಂದೇ ದಿನದ್ದು. ಆಗ 5670 ಗ್ರಾಂ, 15%ರ ಒಳಗೆ. 55 ಕೆಜಿಯ ಹುಡುಗನಿಗೆ ಇನ್ನೂ 1240 ಗ್ರಾಂ ಜಾಗ ಉಂಟು, ಟರ್ಪಾಲು ಅವನಿಗೆ ಹೋಗಲಿ. ಮಿಕ್ಕಿದ್ದು ಜೊತೆಗೆ ಬರುವ ಮೂವರು ದೊಡ್ಡವರಿಗೆ. ದಾರಿ ಮಧ್ಯೆ ಖಂಡಿತ ನೀರು ಸಿಗುವುದಾದರೆ ಒಂದೂವರೆ ಲೀಟರಿನ ಬದಲು ಒಂದು ಲೀಟರ್ ಹೊತ್ತರೆ ಸಾಕು. ಒಂದೇ ಸಲಕ್ಕೆ ಅರ್ಧ ಕೆಜಿ ಇಳಿಯಿತು, ದುಡ್ಡು ಖರ್ಚಿಲ್ಲ.

ಮನೆಯಿಂದ ತಂದ ಚೀಲದಿಂದ ಹೊರಗೆ ತೆಗೆಯಬೇಕಾದ್ದು: ಜೀನ್ಸ್ (ಒಣಗಿದ್ದಾಗಲೇ 600–700 ಗ್ರಾಂ, ನೆನೆದರೆ ರಾತ್ರಿಯಿಡೀ ಒಣಗುವುದಿಲ್ಲ), ಟರ್ಕಿ ಟವೆಲ್, ಸ್ಟೀಲಿನ ನೀರಿನ ಬಾಟಲಿ, ಸ್ಟೀಲಿನ ಟಿಫಿನ್ ಕ್ಯಾರಿಯರ್, ಉಣ್ಣೆ ಕಂಬಳಿ, ಇಡೀ ಟ್ಯೂಬ್ ಟೂತ್‌ಪೇಸ್ಟ್, ಎರಡನೆಯ ಸ್ವೆಟರ್, "ಇರಲಿ" ಅಂತ ಅಮ್ಮಂದಿರು ತುರುಕಿದ ಮೂರನೆಯ ಜೋಡಿ ಬಟ್ಟೆ. ಅಂಗಡಿಯ ನೀರಿನ ಒಂದು ಲೀಟರ್ ಖಾಲಿ ಬಾಟಲಿ 30 ಗ್ರಾಮಿನ ಒಳಗೆ, ಸ್ಟೀಲಿನದ್ದು ಅದರ ಹತ್ತು ಪಟ್ಟು. ಮಕ್ಕಳ ಹತ್ತಿರ ಇರುವ ಕಬಡ್ಡಿ, ಫುಟ್‌ಬಾಲ್ ಜೆರ್ಸಿಗಿಂತ ಒಳ್ಳೆಯ ನಡಿಗೆಯ ಅಂಗಿ ಅಂಗಡಿಯಲ್ಲಿ ಇಲ್ಲ. ತೂಕ 130–150 ಗ್ರಾಂ, ಬೆವರು ಬೇಗ ಆರ್ತದೆ.

---

ಹೊಲಿಗೆ_ಬದಿಯಡ್ಕ

ಚೀಲದ ಬಗ್ಗೆ ನಾನು ಹೇಳ್ತೇನೆ, ಬ್ಯಾಗ್ ರಿಪೇರಿ ನನ್ನ ಕೆಲಸ.

ಟೀಚರ್, ತೂಕಕ್ಕಿಂತ ಮೊದಲು ಅಳತೆ. ಮಗು ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಒಂದು ಎಲುಬು ಉಬ್ಬಿ ಕಾಣ್ತದೆ. ಅಲ್ಲಿಂದ, ಸೊಂಟದ ಎರಡು ಎಲುಬುಗಳ ಮೇಲಂಚಿಗೆ ಹೆಬ್ಬೆರಳು ಇಟ್ಟಾಗ ಬೆನ್ನಿನಲ್ಲಿ ಸಿಗುವ ಗೆರೆಯ ತನಕ ಟೇಪಿನಲ್ಲಿ ಅಳೆಯಿರಿ. ಈ ವಯಸ್ಸಿನ ಮಕ್ಕಳಿಗೆ ಹೆಚ್ಚಾಗಿ 38–43 ಸೆಂಟಿಮೀಟರ್. ಅಂಗಡಿಯ 60 ಲೀಟರಿನ ಚೀಲಗಳು ದೊಡ್ಡವರ ಬೆನ್ನಿಗೆ ಮಾಡಿದ್ದು. ಮಕ್ಕಳಿಗೆ ಹಾಕಿದರೆ ಸೊಂಟದ ಪಟ್ಟಿ ಪೃಷ್ಠಕ್ಕೆ ಇಳಿದು ಭಾರವೆಲ್ಲ ಹೆಗಲಿಗೆ ಬೀಳ್ತದೆ. ಖಾಲಿ ಚೀಲವೇ ಎರಡು ಕೆಜಿಗಿಂತ ಹೆಚ್ಚು ಬೇರೆ. ಮೇಲಾಗಿ ಜಾಗ ಇದ್ದರೆ ಮನೆಯವರು ತುಂಬಿಸದೆ ಬಿಡುವುದಿಲ್ಲ. 35–40 ಲೀಟರ್ ಧಾರಾಳ.

ಶಾಲೆಯ ಬ್ಯಾಗ್ 30 ಲೀಟರಿನದ್ದಾದರೆ ರಾಣಿಪುರಂ ಅಭ್ಯಾಸಕ್ಕೆ ಸಾಕು. ರಾತ್ರಿ ಉಳಿಯಲಿಕ್ಕೆ ಚಾಪೆಯನ್ನು ಹೊರಗೆ ಕಟ್ಟಬೇಕಾಗ್ತದೆ, ಅದು ಪೊದೆಗೆ ಸಿಕ್ಕಿ ಹರೀತದೆ. ಕೆಲವರು ಶಾಲೆಯ ಬ್ಯಾಗಿಗೆ ಸೊಂಟದ ಪಟ್ಟಿ ಹೊಲಿಸಿಕೊಳ್ತಾರೆ. ಹೊಲಿಯಬಹುದು, 38 ಮಿಲಿಮೀಟರಿನ ಪಟ್ಟಿ, ಅದೇ ಅಳತೆಯ ಬಕಲ್. ಆದರೆ ಒಳಗೆ ಗಟ್ಟಿ ಬೆನ್ನು ಇಲ್ಲದ ಚೀಲದಲ್ಲಿ ಆ ಪಟ್ಟಿ ಚೀಲ ಅಲುಗಾಡದ ಹಾಗೆ ಹಿಡೀತದೆ ಅಷ್ಟೆ, ಭಾರವನ್ನು ಸೊಂಟಕ್ಕೆ ಇಳಿಸುವುದಿಲ್ಲ. ಅದಕ್ಕೆ ಉಪಾಯ: ಫೋಮ್ ಚಾಪೆಯನ್ನು ನಾಲ್ಕು ಮಡಿಕೆ ಮಾಡಿ ಬೆನ್ನಿನ ಬದಿಗೆ ಚೀಲದ ಒಳಗೆ ನೆಟ್ಟಗೆ ನಿಲ್ಲಿಸಿ, ಅದನ್ನು ಒತ್ತಿ ಉಳಿದ ಸಾಮಾನು ತುಂಬಿಸಿ. ಚಾಪೆಯೇ ಚೀಲದ ಬೆನ್ನೆಲುಬು ಆಗ್ತದೆ, ಪಾತ್ರೆಯ ಅಂಚು ಬೆನ್ನಿಗೆ ಚುಚ್ಚುವುದೂ ತಪ್ಪಿತು.

ಕೊಳ್ಳುವುದಾದರೆ ಜಿಪ್ ನೋಡಬೇಡಿ, ಹೆಗಲ ಪಟ್ಟಿಯ ಬುಡ ನೋಡಿ. ಅಗ್ಗದ ಚೀಲ ಹರಿಯುವುದು ಯಾವಾಗಲೂ ಅಲ್ಲಿಯೇ. ಪಟ್ಟಿ ಚೀಲದೊಳಗೆ ಹೋಗುವಲ್ಲಿ ಒಂದೇ ಸಾಲು ಹೊಲಿಗೆ ಇದ್ದರೆ ಬೇಡ. ಚೌಕದೊಳಗೆ ಗುಣಿಸು ಗುರುತಿನ ಹೊಲಿಗೆಯೋ, ಒತ್ತೊತ್ತಾಗಿ ಹಿಂದೆಮುಂದೆ ಹೊಡೆದ ಅಡ್ಡ ಹೊಲಿಗೆಯೋ ಇರಬೇಕು. ಇಲ್ಲದಿದ್ದರೆ ಹತ್ತಿರದ ಟೈಲರ್ ಹತ್ತಿರ ಹೊಡೆಸಿ: 16 ಅಥವಾ 18 ನಂಬ್ರದ ಸೂಜಿ, ಪಾಲಿಯೆಸ್ಟರ್ ಅಥವಾ ನೈಲಾನ್ ನೂಲು. ಹತ್ತಿ ನೂಲು ಹಾಕಿದರೆ ಒಂದು ಮಳೆಗಾಲದಲ್ಲಿ ಕೊಳೆತು ಹೋಗ್ತದೆ. ಪರೀಕ್ಷೆ ಸುಲಭ: ಎಂಟು ಕೆಜಿ ಅಕ್ಕಿ ಹಾಕಿ ಒಂದೇ ಹೆಗಲ ಪಟ್ಟಿಯಲ್ಲಿ ರಾತ್ರಿಯಿಡೀ ತೊಲೆಗೆ ನೇತುಹಾಕಿ. ಬೆಳಿಗ್ಗೆ ಸೂಜಿಯ ತೂತುಗಳು ಉದ್ದಕ್ಕೆ ಬಾಯಿ ಬಿಟ್ಟಿದ್ದರೆ ಆ ಹೊಲಿಗೆ ಗುಡ್ಡದ ಅರ್ಧದಲ್ಲಿ ಕೈಕೊಡ್ತದೆ.

ಬಕಲ್ ಒಡೆಯುವುದು ಎರಡನೆಯ ತಾಪತ್ರಯ, ಚೀಲದ ಮೇಲೆ ಕೂತು ಒಡೆಯುವವರೇ ಜಾಸ್ತಿ. ಇಡೀ ತಂಡದ ಪಟ್ಟಿಗಳ ಅಗಲ ಅಳೆದು ಆ ಅಳತೆಯ ಒಂದೊಂದು ಹೆಚ್ಚುವರಿ ಬಕಲ್ ಇಟ್ಟುಕೊಳ್ಳಿ. 25ರ ಪಟ್ಟಿಗೆ 38ರ ಬಕಲ್ ಹಾಕಿದರೆ ಜಾರ್ತದೆ.

ಹಾಕುವ ಕ್ರಮವನ್ನೂ ಮಕ್ಕಳಿಗೆ ಕಲಿಸಿ. ಎಲ್ಲ ಪಟ್ಟಿ ಸಡಿಲಿಸಿ ಚೀಲ ಏರಿಸಬೇಕು. ಸೊಂಟದ ಪಟ್ಟಿಯ ಮಧ್ಯಭಾಗ ಸೊಂಟದ ಎಲುಬಿನ ಮೇಲೆ ಕೂರುವ ಹಾಗೆ ಮೊದಲು ಅದನ್ನು ಬಿಗಿಯಬೇಕು, ಆಮೇಲೆ ಹೆಗಲು, ಕೊನೆಗೆ ಎದೆಪಟ್ಟಿ. ಮೊದಲು ಹೆಗಲು ಬಿಗಿದರೆ ಚೀಲ ಮೇಲೆಯೇ ನಿಲ್ತದೆ, ಸೊಂಟದ ಪಟ್ಟಿ ಹೊಟ್ಟೆ ಕಟ್ಟುವ ದಾರ ಆಗ್ತದೆ. ತುಂಬಿಸುವಾಗ ಚೀಲದ ತಳದಲ್ಲಿ ಹೊದಿಕೆ, ಭಾರದ ಪಾತ್ರೆ, ಊಟ, ನೀರು ಬೆನ್ನಿಗೆ ಅಂಟಿಕೊಂಡು ಹೆಗಲ ಎಲುಬುಗಳ ನಡುವೆ, ಮೇಲೆ ಪೊಂಚೊ. ಭಾರ ಹಿಂದಕ್ಕೆ ಇದ್ದಷ್ಟೂ ಮಕ್ಕಳು ಮುಂದಕ್ಕೆ ಬಾಗಿ ನಡೀತಾರೆ, ಸಂಜೆಗೆ ಕುತ್ತಿಗೆ ನೋವು.

ರೈನ್ ಕವರ್‌ಗೆ ದುಡ್ಡು ಹಾಕಬೇಡಿ. ಬೆನ್ನಿಗೂ ಚೀಲಕ್ಕೂ ನಡುವೆ ಇಳಿಯುವ ನೀರನ್ನು ಅದು ತಡೆಯುವುದಿಲ್ಲ. ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ ಬಾಯಿ ತಿರುಚಿ ಮಡಚಿ ಸಿಕ್ಕಿಸಿ. ಗೊಬ್ಬರದ ಗೋಣಿಯ ಒಳಚೀಲ ತರಬೇಡಿ, ತೊಳೆದರೂ ಸರಿಯಾಗಿ ಹೋಗುವುದಿಲ್ಲ, ಊಟದ ಸಾಮಾನು ಅದರಲ್ಲಿಯೇ ಇರ್ತದಲ್ಲ.

(ಅಮೆರಿಕದ ಎಮ್ಮಾ ಗೇಟ್‌ವುಡ್ ಅಂತ ಒಬ್ಬರು ಅಜ್ಜಿ 1955ರಲ್ಲಿ, 67ನೇ ವಯಸ್ಸಿನಲ್ಲಿ, 3000 ಕಿಲೋಮೀಟರಿಗಿಂತ ಉದ್ದದ ಅಪಲೇಚಿಯನ್ ಹಾದಿಯನ್ನು ಒಬ್ಬರೇ ನಡೆದರು. ಹೆಗಲಿಗೆ ತಾವೇ ಹೊಲಿದ ಬಟ್ಟೆಚೀಲ, ಮಳೆಗೆ ಬಚ್ಚಲಮನೆಯ ಪ್ಲಾಸ್ಟಿಕ್ ಪರದೆ. ನಮ್ಮ ವೃತ್ತಿಯವರಿಗೆ ಇಷ್ಟದ ಕಥೆ. ಮಕ್ಕಳಿಗೆ ಮಾತ್ರ ಸೊಂಟದ ಪಟ್ಟಿ ಇರಲಿ.)

---

ಕುಂಬಳೆ_ಕಡಲು

ಕಾಡುದಾರಿಯವರ ಲೆಕ್ಕ ಚೆಂದ ಉಂಟು, ಆದರೆ ಟರ್ಪಾಲು ವಿಷಯದಲ್ಲಿ ನನಗೆ ಒಪ್ಪಿಗೆ ಇಲ್ಲ. ನವೆಂಬರ್ ಕೊನೆ ಅಂದರೆ ತುಲಾ ಮಳೆಯ (ಹಿಂಗಾರಿನ) ಬಾಲ ಇನ್ನೂ ಇರ್ತದೆ. ಮಧ್ಯಾಹ್ನ ಮೇಲೆ ಗುಡುಗು, ಗಾಳಿ, ಅಡ್ಡ ಮಳೆ. ಟರ್ಪಾಲಿನ ಎರಡು ಬಾಯಿ ತೆರೆದೇ ಇರುವುದು. ಸೊಳ್ಳೆ, ಇಂಬಳ, ಹುಳುಹುಪ್ಪಡಿ ಎಲ್ಲಕ್ಕೂ ಬಾಗಿಲು ತೆರೆದ ಹಾಗೆ. ಹೆಣ್ಣುಮಕ್ಕಳಿಗೆ ಬಟ್ಟೆ ಬದಲಿಸಲಿಕ್ಕೆ ಮರೆ ಬೇಡವಾ? ನಾಲ್ಕು ಜನರ ಡೋಮ್ ಟೆಂಟ್ ನಾಲ್ಕು ಕೆಜಿ ಆದರೂ ತಲೆಗೆ ಒಂದೇ ಕೆಜಿ. ಬಾಡಿಗೆಗೂ ಸಿಗ್ತದೆ.

---

ಕಾಡುದಾರಿ

ಮರೆಯ ಮಾತು ಸರಿ. ಹುಡುಗಿಯರ ಗುಂಪಿಗೆ ಒಂದು ಟೆಂಟ್ ಇರಲಿ, ನಾನೂ ಅದನ್ನೇ ಹೇಳುವುದು. ದೊಡ್ಡವರೊಬ್ಬರು ಹೊತ್ತುಕೊಳ್ಳಲಿ. ಆದರೆ ಬಾಡಿಗೆ ಟೆಂಟನ್ನು ಮುಂಚಿನ ವಾರವೇ ತಂದು ಶಾಲೆಯ ಅಂಗಳದಲ್ಲಿ ಕಟ್ಟಿ, ಮೇಲೆ ಎರಡು ಬಕೆಟ್ ನೀರು ಹೊಯ್ದು ನೋಡಿ. ನಮ್ಮ ಕರಾವಳಿಯ ಹಸಿಯಲ್ಲಿ ಮಡಚಿಟ್ಟ ಟೆಂಟಿನ ಒಳಬದಿಯ, ನೀರು ತಡೆಯುವ ಪಿಯು (ಪಾಲಿಯುರೆಥೇನ್) ಲೇಪನ ಕೆಲವು ವರ್ಷದಲ್ಲಿ ಅಂಟಂಟಾಗಿ, ಹುಳಿ ವಾಸನೆ ಬಂದು, ಪದರಪದರವಾಗಿ ಏಳ್ತದೆ. ಅಂಥದ್ದಕ್ಕೆ ಜಡಿಮಳೆ ತಡೆಯುವ ಶಕ್ತಿ ಇಲ್ಲ, ಯಾವ ಸ್ಪ್ರೇ ಹೊಡೆದರೂ ಸರಿಯಾಗುವುದಿಲ್ಲ. ಒಂದೇ ಪದರದ ಅಗ್ಗದ ಟೆಂಟಿನಲ್ಲಿ ಬಾಗಿಲು ಪೂರ್ತಿ ಮುಚ್ಚಿ ನಾಲ್ವರು ಮಲಗಿದರೆ ಉಸಿರಿನ ನೀರೇ ಗೋಡೆಯಲ್ಲಿ ಇಳೀತದೆ, ಬೆಳಿಗ್ಗೆ "ಟೆಂಟ್ ಸೋರಿತು" ಅಂತ ದೂರು. ಮೇಲಿನ ಗಾಳಿಕಂಡಿ ಬಿಟ್ಟೇ ಇಡಬೇಕು.

ಉಳಿದವರಿಗೆ ಟರ್ಪಾಲು, ಸರಿಯಾಗಿ ಕಟ್ಟಲು ಗೊತ್ತಿದ್ದರೆ. ತೋಟಕ್ಕೆ ತರುವ ಸಿಲ್ಪಾಲಿನನ್ನೇ ಹೇಳುವುದು. ಅದರ ತೂಕ ಅಂಗಡಿಯಲ್ಲಿಯೇ ಲೆಕ್ಕ ಹಾಕಬಹುದು: 90 ಜಿಎಸ್‌ಎಂ ಅಂದರೆ ಚದರ ಮೀಟರಿಗೆ 90 ಗ್ರಾಂ. 3×4 ಮೀಟರಿನದ್ದು 12 ಚದರ ಮೀಟರ್, 1080 ಗ್ರಾಂ. ಅಡಿಕೆ ಒಣಗಿಸುವವರಿಗೆ ಕೊಡುವ ದಪ್ಪದ್ದು ತಂದರೆ ಅದೇ ಅಳತೆಗೆ ಎರಡು ಕೆಜಿ ದಾಟ್ತದೆ. ಬೇಡ.

ನಡುಹಗ್ಗ 3 ಮೀಟರಿನ ಬದಿಗೆ ಬರಬೇಕು, ಆಗ ಎರಡೂ ಕಡೆ ಎರಡೆರಡು ಮೀಟರ್ ಇಳಿಜಾರು. 1.2 ಮೀಟರ್ ಎತ್ತರಕ್ಕೆ ಕಟ್ಟಿದರೆ ಅಡಿಯಲ್ಲಿ 3.2 ಮೀಟರ್ ಅಗಲ ಸಿಗ್ತದೆ. ಒಬ್ಬರಿಗೆ 60 ಸೆಂಟಿಮೀಟರ್ ಲೆಕ್ಕದಲ್ಲಿ ನಾಲ್ವರಿಗೆ 2.4 ಮೀಟರ್ ಹೋದರೂ ಎರಡು ಬದಿ ಚೀಲ ಇಡಲು ಜಾಗ. ಗಾಳಿ ಜೋರಾದರೆ ನಡುಹಗ್ಗವನ್ನು 90 ಸೆಂಟಿಮೀಟರಿಗೆ ಇಳಿಸಿ, ಬದಿಗಳನ್ನು ನೆಲಕ್ಕೆ ತಾಗಿಸಿ. ಬಾಯಿ ಗಾಳಿಯ ಕಡೆಗೆ ಬರಬಾರದು. ಹಗ್ಗ 4 ಮಿಲಿಮೀಟರಿನ ನೈಲಾನ್, 10 ಮೀಟರ್. ಬಾವಿಹಗ್ಗ ಬೇಡ, ತೆಂಗಿನ ನಾರಿನದ್ದು ನೀರು ಕುಡಿದು ಭಾರ ಆಗ್ತದೆ.

ಸೋರುವುದು ಹೆಚ್ಚಾಗಿ ಟರ್ಪಾಲಿನ ತೂತಿನಿಂದಲ್ಲ. ಮಳೆನೀರು ಮರದಿಂದ ಹಗ್ಗದ ಮೇಲೆಯೇ ಹರಿದು ಒಳಗೆ ಬಂದು ಮಲಗಿದವರ ಎದೆಯ ಮೇಲೆ ತೊಟ್ಟಿಕ್ಕುತ್ತದೆ. ಟರ್ಪಾಲಿನ ಅಂಚಿನಿಂದ ಒಂದು ಗೇಣು ಹೊರಗೆ, ನಡುಹಗ್ಗಕ್ಕೆ ಎರಡು ಬದಿಯಲ್ಲೂ ಬಟ್ಟೆಯ ಚೂರು ಕಟ್ಟಿ ಕೆಳಕ್ಕೆ ಇಳಿಬಿಡಿ, ನೀರು ಅಲ್ಲಿಯೇ ಇಳಿದು ಹೋಗ್ತದೆ. ಇನ್ನೊಂದು, ನೆಲಹಾಸಿನ ಅಂಚು ಟರ್ಪಾಲಿನಿಂದ ಒಂದಿಂಚು ಹೊರಗೆ ಇದ್ದರೂ ಮಳೆಯನ್ನೆಲ್ಲ ಹಿಡಿದು ಒಳಗೆ ತರ್ತದೆ. ಅಂಚನ್ನು ಒಳಕ್ಕೆ, ಕೆಳಕ್ಕೆ ಮಡಚಬೇಕು. ಟರ್ಪಾಲಿನ ಮೂಲೆಯಲ್ಲಿ ಹಗ್ಗ ಪೋಣಿಸುವ ರಿಂಗ್ ಕಿತ್ತುಹೋದರೆ ಆ ಮೂಲೆಯಲ್ಲಿ ಒಂದು ನುಣುಪು ಕಲ್ಲನ್ನು ಒಳಗಿಟ್ಟು, ಹೊರಗಿನಿಂದ ಕಲ್ಲಿನ ಕುತ್ತಿಗೆಗೆ ಹಗ್ಗ ಬಿಗಿಯಿರಿ.

ಬರೀ ಹುಲ್ಲುಗುಡ್ಡದ ತಲೆಯಲ್ಲಿ ಕಟ್ಟಲು ಮರವೂ ಇಲ್ಲ, ಅಲ್ಲಿ ಮಲಗಲೂಬಾರದು, ಸಿಡಿಲು. ಮಧ್ಯಾಹ್ನ ಎರಡು ಗಂಟೆಯ ಒಳಗೆ ಉಳಿಯುವ ಜಾಗ ತಲುಪುವ ಹಾಗೆ ಹೊರಡಿ. ಭಾರ ಇಳಿಸುವುದೇ ಇದಕ್ಕೆ, 12 ಕೆಜಿ ಹೊತ್ತ ಮಕ್ಕಳು ಎರಡಕ್ಕೆ ತಲುಪುವುದಿಲ್ಲ.

ಹೊದಿಕೆ: ಆ ಎತ್ತರದಲ್ಲಿ ಆ ಸಮಯಕ್ಕೆ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸು, ಗಾಳಿ ಬಂದರೆ ಇನ್ನೂ ಚಳಿ. ಹಿಮಾಲಯಕ್ಕೆ ಮಾಡಿದ ಸ್ಲೀಪಿಂಗ್ ಬ್ಯಾಗ್ ಬೇಡ. ಯಾರಾದರೂ ಎರವಲು ಕೊಟ್ಟರೆ ಅದರ ಚೀಟಿಯಲ್ಲಿ "ಕಂಫರ್ಟ್" ಅಂತ ಇರುವ ಡಿಗ್ರಿಯನ್ನು ನೋಡಿ. "ಎಕ್ಸ್‌ಟ್ರೀಮ್" ಅಂದರೆ ಜೀವ ಉಳಿಯುವ ಲೆಕ್ಕ, ನಿದ್ದೆ ಬರುವ ಲೆಕ್ಕ ಅಲ್ಲ. ಗರಿ ತುಂಬಿದ್ದು ನಮ್ಮ ಮಂಜು–ಮಳೆಯಲ್ಲಿ ನೆನೆದು ಮುದ್ದೆ ಆಗ್ತದೆ, ಪಾಲಿಯೆಸ್ಟರ್ ತುಂಬಿದ್ದೇ ವಾಸಿ. ಚಳಿ ಹೆಚ್ಚು ಬರುವುದು ನೆಲದಿಂದ, ಆದ್ದರಿಂದ ಚಾಪೆ ಬಿಡಬೇಡಿ. 8–10 ಮಿಲಿಮೀಟರಿನ ಫೋಮ್ ಚಾಪೆಯನ್ನು ತಲೆಯಿಂದ ಮೊಣಕಾಲಿನ ತನಕ, ಅಂದರೆ 120 ಸೆಂಟಿಮೀಟರಿಗೆ ಕತ್ತರಿಸಿ. ಕಾಲಿನ ಅಡಿಗೆ ಖಾಲಿ ಚೀಲ ಹಾಕಿದರಾಯಿತು.

---

ದಾದಿ_ಮುಳ್ಳೇರಿಯ

ಕಾಲು ಮತ್ತು ಮದ್ದಿನ ಬಗ್ಗೆ ನನ್ನದು ಎರಡು ಮಾತು.

ದುಡ್ಡು ಹಾಕುವುದಾದರೆ ಮೊದಲು ಶೂಗೆ ಹಾಕಿ. ದುಬಾರಿಯದ್ದು ಬೇಕಂತಿಲ್ಲ, ಅಡಿಯಲ್ಲಿ 4–5 ಮಿಲಿಮೀಟರ್ ಹಲ್ಲು ಇರುವ ರಬ್ಬರ್ ಸೋಲ್ ಬೇಕು. ಯೂನಿಫಾರ್ಮಿನ ಕ್ಯಾನ್ವಾಸ್ ಶೂ ಪಾಚಿಕಲ್ಲಿನ ಮೇಲೆ ಜಾರ್ತದೆ. ಸಂಜೆ ಹೊತ್ತು, ಕಾಲು ಸ್ವಲ್ಪ ಊದಿರುವಾಗ, ನಡೆಯುವ ದಿನ ಹಾಕುವ ಕಾಲುಚೀಲ ಹಾಕಿಕೊಂಡೇ ನೋಡಿ ಕೊಳ್ಳಬೇಕು. ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲ ಜಾಗ ಇರಲಿ. ಇಲ್ಲದಿದ್ದರೆ ಇಳಿಯುವಾಗ ಉಗುರು ಕಪ್ಪಾಗ್ತದೆ. ಅಣ್ಣನ ಹಳೆಯ ಟ್ರೆಕ್ಕಿಂಗ್ ಶೂ ಅಂತ ಅಟ್ಟದಿಂದ ತೆಗೆದದ್ದು ಇದ್ದರೆ ಸೋಲ್ ಬಗ್ಗಿಸಿ ನೋಡಿ. ವರ್ಷಗಟ್ಟಲೆ ಹಾಕದೆ ಇಟ್ಟ ಶೂವಿನ ನಡುಸೋಲ್ ಹಸಿಗೆ ಪುಡಿಯಾಗ್ತದೆ, ಹೊರಗೆ ಹೊಸದರ ಹಾಗೆಯೇ ಕಾಣ್ತದೆ. ತಂಡದಲ್ಲಿ ಒಬ್ಬರ ಹತ್ತಿರ ಡಕ್ಟ್ ಟೇಪ್ ಇರಲಿ, ಇಡೀ ಸುರುಳಿ ಬೇಡ, ನೀರಿನ ಬಾಟಲಿಗೆ ಒಂದೆರಡು ಮೀಟರ್ ಸುತ್ತಿಕೊಂಡರೆ ಸಾಕು.

ಗುಳ್ಳೆ ಬರುವುದು ಹಸಿ, ಬಿಸಿ, ಉಜ್ಜಾಟ ಮೂರೂ ಸೇರಿದಾಗ. ಹತ್ತಿಯ ಕಾಲುಚೀಲ ಬೆವರನ್ನು ಹಿಡಿದಿಡ್ತದೆ, ಆಟದ ಪಾಲಿಯೆಸ್ಟರಿನದ್ದು ಹಾಕಿ. ಹಿಮ್ಮಡಿ ಬಿಸಿ ಅನ್ನಿಸಿದ ಕೂಡಲೇ ನಿಲ್ಲಿಸಿ ಮೈಕ್ರೋಪೋರ್ ಟೇಪ್ ಹಚ್ಚಬೇಕು. ಮಕ್ಕಳು ನಾಚಿಕೆಗೆ ಹೇಳುವುದಿಲ್ಲ, ಆದ್ದರಿಂದ ಮೊದಲ ಅರ್ಧ ಗಂಟೆಗೆ ಒಮ್ಮೆ ಎಲ್ಲರನ್ನೂ ಕೂರಿಸಿ ಶೂ ತೆಗೆಸಿಯೇ ನೋಡಿ.

ಇಂಬಳಕ್ಕೆ ಒತ್ತಾಗಿ ನೇಯ್ದ, ಮೊಣಕಾಲಿನ ತನಕ ಬರುವ ಲೀಚ್ ಸಾಕ್ಸ್ ಸಾಕು, ಹತ್ತಿ ಬಟ್ಟೆಯಲ್ಲಿ ಬದಿಯಡ್ಕದವರೇ ಹೊಲಿದು ಕೊಡಬಹುದು. ಅದಕ್ಕೆ ಹೊಗೆಸೊಪ್ಪು ನೆನೆಸಿದ ನೀರೋ, ಸಾಬೂನು ನೀರೋ ಹಚ್ಚಿದರೆ ಹತ್ತುವುದು ಕಡಿಮೆ. ಕಚ್ಚಿದ್ದನ್ನು ಬೆಂಕಿಕಡ್ಡಿಯಲ್ಲಿ ಸುಡುವುದು, ಉಪ್ಪು ಹಾಕುವುದು ಬೇಡ, ಹೊಟ್ಟೆಯಲ್ಲಿದ್ದದ್ದನ್ನು ಗಾಯಕ್ಕೇ ಕಕ್ಕಬಹುದು. ಬಾಯಿ ಇರುವ ಸಣ್ಣ ತುದಿಯನ್ನು ಉಗುರಿನಿಂದ ಬದಿಗೆ ಜಾರಿಸಿ ಬಿಡಿಸಿ. ರಕ್ತ ಬೇಗ ಹೆಪ್ಪುಗಟ್ಟದ ಹಾಗೆ ಮಾಡುವ ಹಿರುಡಿನ್‌ನಂಥ ಪದಾರ್ಥ ಅದರ ಜೊಲ್ಲಿನಲ್ಲಿ ಇರುವುದರಿಂದ ಸ್ವಲ್ಪ ಹೊತ್ತು ಹರೀತದೆ, ಹೆದರಬೇಕಾಗಿಲ್ಲ. ತೊಳೆದು ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆ ಒತ್ತಿ ಹಿಡಿಯಿರಿ.

ಮುಂದೆ ಬೇಸಿಗೆಯಲ್ಲಿ ಹೋಗುವುದಾದರೆ ಉಣ್ಣಿಯ ಯೋಚನೆ ಮಾಡಿ. ಉಣ್ಣಿಯಿಂದ ಹರಡುವ ಮಂಗನ ಕಾಯಿಲೆ ಕಂಡಿರುವ ಶಿವಮೊಗ್ಗ, ಉತ್ತರ ಕನ್ನಡ, ವಯನಾಡು ಕಾಡುಗಳಲ್ಲಿ ಡಿಸೆಂಬರಿಂದ ಮೇ ತನಕ ಅದರ ಕಾಲ. ಉಣ್ಣಿ ಹತ್ತದ ಹಾಗೆ ಮೈಗೆ ಹಚ್ಚಲಿಕ್ಕೇ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಇರುವುದು. ಬಂದ ಮೇಲೆ ಬಿಸಿನೀರಿನಲ್ಲಿ ಸ್ನಾನ, ಬಟ್ಟೆಯನ್ನು ಕೂಡಲೇ ಒಗೆಯುವುದು.

ನೀರು: ತೊರೆಯ ನೀರನ್ನು ನಾಲ್ಕು ಪದರ ಬಟ್ಟೆಯಲ್ಲಿ ಸೋಸಿ, ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸಿದರೆ ಸಾಕು. ಹತ್ತು ನಿಮಿಷ ಕುದಿಸುವುದು ಗ್ಯಾಸ್ ದಂಡ. ಕ್ಲೋರಿನ್ ಮಾತ್ರೆಯಾದರೆ ಪೊಟ್ಟಣದಲ್ಲಿ ಬರೆದ ಅಳತೆ, ಅರ್ಧ ಗಂಟೆ ಕಾಯಬೇಕು. ಕೆಂಪು ನೀರಿನಲ್ಲಿ ಮಾತ್ರೆ ಸರಿಯಾಗಿ ಕೆಲಸ ಮಾಡುವುದಿಲ್ಲ, ತಿಳಿಯಾಗಲು ಬಿಟ್ಟು ಮೇಲಿನದ್ದನ್ನು ತೆಗೆದುಕೊಳ್ಳಿ. ಓಆರ್‌ಎಸ್ ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರಿಗೇ ಕಲಸಿ. ಅರ್ಧ ಪೊಟ್ಟಣ ಅಂದಾಜಿನಲ್ಲಿ ಹಾಕಿ ಕೊಡುವುದು ಬೇಡ.

ಹುಡುಗಿಯರ ಪ್ರತಿ ಚೀಲದಲ್ಲಿ, ದಿನ ಹತ್ತಿರ ಇಲ್ಲದಿದ್ದರೂ, ನಾಲ್ಕು ಪ್ಯಾಡ್, ಪೇಪರ್ ಮತ್ತು ಜಿಪ್ ಇರುವ ಎರಡು ಪ್ಲಾಸ್ಟಿಕ್ ಕವರ್. ಹೊಸ ಶ್ರಮಕ್ಕೆ ತಾರೀಕು ಹಿಂದುಮುಂದಾಗುವುದುಂಟು. ಬಳಸಿದ್ದು ವಾಪಸ್ ಬರಬೇಕು, ಹೂಳಿದರೆ ಪ್ರಾಣಿಗಳು ಕೆದಕ್ತವೆ. ಇದನ್ನು ಭಾರದ ಲೆಕ್ಕದಲ್ಲಿ ಕಡಿಮೆ ಮಾಡಬೇಡಿ. ಹಾಗೆಯೇ ಆಸ್ತಮಾ ಇರುವ ಮಗುವಿನ ಇನ್‌ಹೇಲರ್ ಸ್ವಂತ ಕಿಸೆಯಲ್ಲಿ, ಇನ್ನೊಂದು ನಿಮ್ಮ ಹತ್ತಿರ.

---

ಗೈಡ್ಸ್_ಟೀಚರ್_ಪೆರ್ಲ

ಎಲ್ಲರಿಗೂ ಉಪಕಾರ ಆಯ್ತು. ಟೆಂಟ್ ಹುಡುಗಿಯರಿಗೆ, ಟರ್ಪಾಲು ಹುಡುಗರಿಗೆ ಅಂತ ಇಟ್ಟುಕೊಳ್ತೇವೆ. ಏಳು ಹುಡುಗಿಯರಿಗೆ ಎರಡು ಟೆಂಟ್ ಬೇಕಾಗಬಹುದು. ಮತ್ತೆ ಎರಡು ಸಂಶಯ. ಊಟಕ್ಕೆ ಕುಚ್ಚಲಕ್ಕಿ ಗಂಜಿ ಮತ್ತು ಚಟ್ನಿ ಅಂತ ಮಕ್ಕಳ ಬೇಡಿಕೆ, ಅದು ಆಗ್ತದಾ? ಗ್ಯಾಸ್ ಡಬ್ಬಿಯನ್ನು ಮಂಗಳೂರಿನಲ್ಲಿ ತೆಗೆದುಕೊಂಡು ರೈಲಿನಲ್ಲಿ ತರಬಹುದಾ? ಇಲ್ಲದಿದ್ದರೆ ಕಟ್ಟಿಗೆ ಒಲೆ?

---

ಕಾಡುದಾರಿ

ರೈಲಿನಲ್ಲಿ ಬೇಡವೇ ಬೇಡ. ಉರಿಯುವ ಸಾಮಾನು ಒಯ್ದರೆ 1989ರ ರೈಲ್ವೆ ಕಾಯ್ದೆಯ 164ನೇ ಕಲಮಿನಲ್ಲಿ ಮೂರು ವರ್ಷದ ತನಕ ಜೈಲು ಉಂಟು, ಡಬ್ಬಿ ಸಣ್ಣದು ಅಂತ ವಿನಾಯಿತಿ ಇಲ್ಲ. ಬಸ್ಸಿನಲ್ಲಿಯೂ ಜನರ ನಡುವೆ ತರಬೇಡಿ. ನೀವು ಹೇಗೂ ವ್ಯಾನ್ ಮಾಡ್ತೀರಲ್ಲ, ಅದರಲ್ಲಿ ಬಿಸಿಲು ಬೀಳದ ಕಡೆ, ಸ್ಟವ್‌ನಿಂದ ಬೇರ್ಪಡಿಸಿ ಇಡಿ. ಕಟ್ಟಿಗೆ ಒಲೆಯ ಯೋಚನೆ ಬಿಡಿ. ಕಾಯ್ದಿಟ್ಟ ಕಾಡಿನಲ್ಲಿ ಬೆಂಕಿ ಹಾಕುವುದು ಅಪರಾಧ. 2018ರ ಮಾರ್ಚಿನಲ್ಲಿ ತೇಣಿ ಜಿಲ್ಲೆಯ ಕುರಂಗಣಿಯಲ್ಲಿ ಕಾಡ್ಗಿಚ್ಚಿಗೆ ಸಿಕ್ಕಿ ಚಾರಣಿಗರು 20ಕ್ಕೂ ಹೆಚ್ಚು ಮಂದಿ ಸತ್ತಿದ್ದಾರೆ. ಒಣಹುಲ್ಲಿನ ಗುಡ್ಡಕ್ಕೆ ಫೆಬ್ರವರಿಯಿಂದ ಮಳೆ ಬರುವ ತನಕ ಮಕ್ಕಳನ್ನು ಕರೆದುಕೊಂಡು ಹೋಗುವುದೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ಸ್ಟವ್ ಹೊತ್ತಿಸುವ ಮೊದಲು ಅಲ್ಲಿಯ ಅರಣ್ಯ ಸಿಬ್ಬಂದಿಯನ್ನು ಕೇಳಿ. ಬೇಡ ಅಂದರೆ ಒಲೆ ಇಲ್ಲದ ಊಟಕ್ಕೂ ತಯಾರಿರಬೇಕು.

ಕುಚ್ಚಲಕ್ಕಿ ಗುಡ್ಡದಲ್ಲಿ ಆಗುವ ಮಾತಲ್ಲ. ಮುಕ್ಕಾಲು ಗಂಟೆಗಿಂತ ಹೆಚ್ಚು ಬೇಯಬೇಕು, ಗ್ಯಾಸೆಲ್ಲ ಅದಕ್ಕೇ. ಗಾಳಿ ಇಲ್ಲದ ಕಡೆ ಒಂದು ಲೀಟರ್ ನೀರು ಕುದಿಸಲಿಕ್ಕೆ ಸುಮಾರು 15 ಗ್ರಾಂ ಗ್ಯಾಸ್ ಸಾಕು, ಗಾಳಿಯಲ್ಲಿ ಮುಚ್ಚಳ ಹಾಕದೆ ಕಾಯಿಸಿದರೆ ಅದರ ದುಪ್ಪಟ್ಟು. ನಾಲ್ವರಿಗೆ ರಾತ್ರಿ, ಬೆಳಿಗ್ಗೆ, ಚಹಾ ಎಲ್ಲ ಸೇರಿ ಐದು ಲೀಟರ್ ಕುದಿಸಿದರೂ 230 ಗ್ರಾಮಿನ ಡಬ್ಬಿಯಲ್ಲಿ ಉಳೀತದೆ. ಆದ್ದರಿಂದ ಬರೀ ಕುದಿಸಿ ಹಾಕಿದರೆ ಆಗುವ ಊಟವನ್ನೇ ಆರಿಸಿ: ಅವಲಕ್ಕಿ ಉಪ್ಪಿಟ್ಟು, ಮನೆಯಲ್ಲಿಯೇ ಹುರಿದು ಒಗ್ಗರಣೆ ಸೇರಿಸಿ ತಂದ ರವೆ, ಶಾವಿಗೆ. ಗಂಜಿಯೇ ಬೇಕಾದರೆ ಬೆಳ್ತಿಗೆ ಅಕ್ಕಿಯ ನುಚ್ಚು, ಅರ್ಧ ಗಂಟೆ ನೆನೆಸಿ, ಒಂದು ಕುದಿ ಬರಿಸಿ, ಪಾತ್ರೆಯನ್ನು ಹೊದಿಕೆಯಲ್ಲಿ ಸುತ್ತಿ ಇಪ್ಪತ್ತು ನಿಮಿಷ ಇಡಿ, ಅದರಲ್ಲಿಯೇ ಬೇಯ್ತದೆ. ಚಟ್ನಿ ಹಸಿ ತೆಂಗಿನಕಾಯಿದ್ದು ಬೇಡ, ಮಧ್ಯಾಹ್ನಕ್ಕೆ ಹಳಸ್ತದೆ. ಒಣಕೊಬ್ಬರಿ ಚಟ್ನಿಪುಡಿ ತನ್ನಿ.

ದಾರಿಯ ತಿಂಡಿಗೆ ನೆಲಗಡಲೆ, ಗೋಡಂಬಿ, ಬೆಲ್ಲ. 100 ಗ್ರಾಂ ಅಕ್ಕಿ–ಅವಲಕ್ಕಿಯಲ್ಲಿ 350 ಕ್ಯಾಲೊರಿ ಆದರೆ ಅಷ್ಟೇ ತೂಕದ ನೆಲಗಡಲೆ, ಗೋಡಂಬಿಯಲ್ಲಿ 550ರ ಮೇಲೆ. ಭಾರದ ಲೆಕ್ಕದಲ್ಲಿ ಇದಕ್ಕಿಂತ ಲಾಭದ್ದು ಇಲ್ಲ, ನಮ್ಮ ಜಿಲ್ಲೆಯಲ್ಲಿ ಗೋಡಂಬಿಗೆ ಬರವೂ ಇಲ್ಲ. ತಲೆಗೆ ದಿನಕ್ಕೆ ಎರಡು ಹಿಡಿ, ಒಬ್ಬೊಬ್ಬರ ಪಾಲು ಬೇರೆಬೇರೆ ಕಟ್ಟಿ ಕೊಡಿ. ಒಟ್ಟಿಗೆ ಒಂದೇ ಡಬ್ಬಿ ಕೊಟ್ಟರೆ ಹಿಂದೆ ನಡೆಯುವ ಮಗುವಿಗೆ ಏನೂ ಉಳಿಯುವುದಿಲ್ಲ. ಹಾಳೆತಟ್ಟೆ ತಂದರೆ ಹಗುರ, ತೊಳೆಯುವ ನೀರೂ ಉಳೀತದೆ. ಆದರೆ ಕೊಳೆಯುವ ಸಾಮಾನೇ ಅಲ್ವಾ ಅಂತ ಅಲ್ಲಿ ಬಿಸಾಡಿ ಬರುವ ಹಾಗಿಲ್ಲ, ಸಾರಿನ ವಾಸನೆಗೆ ಹಂದಿ ಬರ್ತದೆ.

ಸ್ಟವ್ ಬಗ್ಗೆ ಒಂದು ಎಚ್ಚರಿಕೆ: ಡಬ್ಬಿಯ ಮೇಲೆಯೇ ಕೂರುವ ಸ್ಟವ್‌ಗೆ ಗಾಳಿ ತಡೆಯಲಿಕ್ಕೆ ಸುತ್ತಲೂ ತಗಡು ಕಟ್ಟಬೇಡಿ. ಶಾಖ ಹೊರಗೆ ಹೋಗದೆ ಡಬ್ಬಿ ಕಾದು ಸಿಡಿಯಬಹುದು. ಗಾಳಿಯ ಬದಿಗೆ ಮಾತ್ರ ಚೀಲ ಅಡ್ಡ ಇಡಿ, ಅದೂ ಒಂದು ಮೊಳ ದೂರ. ಟೆಂಟಿನ ಒಳಗೆ, ಟರ್ಪಾಲಿನ ಅಡಿಯಲ್ಲಿ ಹೊತ್ತಿಸುವುದೂ ಬೇಡ. ಸ್ಟವ್ ಹತ್ತಿರ ಒಬ್ಬರು ದೊಡ್ಡವರು ಇರಲೇಬೇಕು, ಮಕ್ಕಳು ಪಾತ್ರೆ ದಾಟಿ ಓಡಾಡದ ಹಾಗೆ ನೆಲದಲ್ಲಿ ಹಗ್ಗದಿಂದ ಒಂದು ಗೆರೆ ಹಾಕಿ.

---

ಹೊಲಿಗೆ_ಬದಿಯಡ್ಕ

ಲೀಚ್ ಸಾಕ್ಸ್ ಬೇಕಾದರೆ ಟೀಚರ್, ಪ್ರತಿ ಮಗುವಿನ ಪಾದದ ಉದ್ದ, ಹಿಮ್ಮಡಿಯಿಂದ ಮೊಣಕಾಲಿನ ತನಕದ ಎತ್ತರ, ಮೀನಖಂಡದ ಸುತ್ತಳತೆ ಮೂರನ್ನೂ ಬರೆದು ತನ್ನಿ. ಹೊಲಿಗೆ ಪಾದದ ಅಡಿಗೆ ಬರಬಾರದು, ಬದಿಗೆ ಬರಬೇಕು. ಇಲ್ಲದಿದ್ದರೆ ದಾದಿಯವರು ಹೇಳಿದ ಗುಳ್ಳೆ ಅಲ್ಲಿಂದಲೇ ಶುರು.